ಮುಚ್ಚಳ ಹಾಕಿದ ತೋಟ

ಮೊದಲೇ ಹೇಳಿಬಿಡುತ್ತೇನೆ, ನನಗೆ ಗಿಡದ ಹುಚ್ಚಿಲ್ಲ. ಶಹಾಬಾದಿನ ಓಣಿಯೊಂದರಲ್ಲಿ ಕೂತು ಮಂದಿಯ ಸೀರೆಗೆ ಫಾಲ್ ಹಚ್ಚುವವಳಿಗೆ ಅಂಥ ಹುಚ್ಚು ಎಲ್ಲಿಂದ ಬರಬೇಕು? ನಮ್ಮಲ್ಲಿ ಎಲೆ ಹಸಿರಾಗಿ ಕಾಣುವುದು ಮಳೆ ಬಿದ್ದ ಮರುದಿನ ಮಾತ್ರ. ಉಳಿದ ದಿನ ತುಳಸಿಯೂ ಬೂದಿ ಬಣ್ಣ, ದಾಸವಾಳವೂ ಬೂದಿ ಬಣ್ಣ, ಹಗ್ಗದ ಮೇಲೆ ಒಣಹಾಕಿದ ಬಿಳಿ ಧೋತರದ ಗತಿಯೂ ಅದೇ. ಹಾಗಿದ್ದವಳು ಕಳೆದೊಂದು ವರ್ಷ ಗಾಜಿನ ಭರಣಿಯೊಳಗಿನ ಅಂಗೈಯಗಲ ಪಾಚಿಯ ಮುಖ ನೋಡಿಕೊಂಡು ಬದುಕಿದ್ದೇನೆ. ಅದು ಹಸಿರಾಗಿದ್ದರೆ ನನಗೆ ಊಟ ರುಚಿಸುತ್ತಿತ್ತು. ಒಂದು ಮೂಲೆ ಹಳದಿಯಾದರೆ ಎದೆ ಧಸಕ್ಕೆನ್ನುತ್ತಿತ್ತು.

ಕಾರಣ ನಮ್ಮ ಮನೆಯವರು. ನಾನು ಮದುವೆಯಾಗಿ ಬಂದಾಗಿನಿಂದ ಅವರದು ಫರಸಿ ಶೆಡ್ಡಿನ ಕೆಲಸ. ಖಣಿಯಿಂದ ಬಂದ ಹಾಸುಗಲ್ಲಿಗೆ ಪಾಲಿಶ್ ಹಿಡಿಸುವುದು, ಮೆಟ್ಟಿಲಿಗೆ ಕಟ್ಟೆಗೆ ಹಾಕುವ ಕಲ್ಲುಗಳ ಅಂಚು ತೀಡಿ ದುಂಡಗೆ ಮಾಡುವುದು. ಅವರು ತೀಡಿದ ಅಂಚಿನ ಮೇಲೆ ಕೈಯಾಡಿಸಿದರೆ ಕೂಸಿನ ಗಲ್ಲ ಸವರಿದಂತೆ. ಆದರೆ ತೀಡುವಾಗ ಏಳುವ ಹಿಟ್ಟು ಗೋಧಿ ಹಿಟ್ಟಿಗಿಂತ ನುಣುಪು. ಸಂಜೆ ಮನೆಗೆ ಬಂದರೆ ಹುಬ್ಬು ಬಿಳಿ, ಕಿವಿ ಬಿಳಿ, ಕಣ್ಣಿನ ರೆಪ್ಪೆ ಬಿಳಿ. ಹೊಸದಾಗಿ ಬಂದಾಗ ನಾನು ನಗುತ್ತಿದ್ದೆ, "ಏನ್ರೀ, ಹಿಟ್ಟಿನ ಗಿರಣಿಯಾಗ ಬಿದ್ದು ಬಂದೀರೇನು?" ಅಂತ. ಅವರೂ ನಗುತ್ತಿದ್ದರು.

ಆಮೇಲೆ ಕೆಮ್ಮು ಬಂತು. ಮೊದಲು ಥಂಡಿಯ ಕೆಮ್ಮು ಅಂದುಕೊಂಡೆವು, ಆಮೇಲೆ ಬೀಡಿಯ ಕೆಮ್ಮು ಅಂದೆವು. ಬೀಡಿ ಬಿಟ್ಟರು, ಕೆಮ್ಮು ಅವರನ್ನು ಬಿಡಲಿಲ್ಲ. ಓಣಿಯ ತುದಿಯ ಹಾಲಿನ ಡೇರಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕಟ್ಟೆ ಹಿಡಿದು ನಿಲ್ಲುತ್ತಿದ್ದರು. ಕಲಬುರಗಿಯ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಅವರಿಗೆ ಹೇಳದೆ ನನ್ನ ಕಡೆ ತಿರುಗಿ ಹೇಳಿದರು: "ನೋಡ್ರಿ ಅಮ್ಮಾ, ಕಲ್ಲಿನ ಹಿಟ್ಟು ಒಳಗ ಕುಂತಾದ. ಕುಂತದ್ದು ತೆಗೀಲಿಕ್ಕೆ ಬರಂಗಿಲ್ಲ. ಇನ್ನಷ್ಟು ಹೋಗದಂಗ ನೋಡ್ಕೋಬೇಕು. ಶೆಡ್ ಬಿಟ್ಟರ ಇನ್ನೂ ಭಾಳ ವರ್ಷ ಛಂದ ಇರ್ತಾರ. ಬಿಡಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ." ಇಷ್ಟೇ ಸಂಗತಿ. ಈ ಮನುಷ್ಯ ಮನೆಯಲ್ಲಿ ಕೂತರೆ ಉಸಿರು ಉಳಿಯುತ್ತದೆ, ಹೋದರೆ ಇಲ್ಲ.

ಕೂಡಿಸುವುದು ಹೇಳಿದಷ್ಟು ಹಗುರವೇ? ದುಡ್ಡಿನ ಮಾತಂತೂ ಅಲ್ಲ. ನಾನು, ಅವರು, ನಮ್ಮ ಅತ್ತಿ, ಮೂವರ ರೊಟ್ಟಿ ನನ್ನ ಹೊಲಿಗೆಯಲ್ಲೇ ನಡೆಯುತ್ತಿತ್ತು. ಆದರೆ ಕೈ ಸುಮ್ಮನಿದ್ದರೆ ಅವರಿಗೆ ಮೈಯೆಲ್ಲ ಇರುವೆ ಹರಿದ ಹಾಗೆ. ಎದ್ದು ಬಾಗಿಲ ತನಕ ಹೋಗುವುದು, ತಿರುಗಿ ಬಂದು ಕೂರುವುದು. ನಾನು ಹೊಲಿಯುವ ಸೀರೆಯ ಅಂಚನ್ನು ಹಿಡಿದು, "ಇಲ್ಲಿ ಡೊಂಕಾಗ್ಯಾದ ನೋಡು" ಅಂತ ನನಗೇ ಪಾಠ ಹೇಳುವುದು. "ಚಹಾ ಕುಡದು ಬರ್ತೀನಿ" ಅಂತ ಹೊರಟವರು ಊಟದ ಹೊತ್ತಿಗೆ ಬಿಳಿ ಹುಬ್ಬು ಹೊತ್ತು ಬರುತ್ತಿದ್ದರು. ಮುಖ ತೊಳೆದುಕೊಂಡೇ ಬರುತ್ತಿದ್ದರು, ಪಾಪ, ಆದರೆ ಹುಬ್ಬಿನೊಳಗಿನ ಹಿಟ್ಟು ಹೋಗಬೇಕಲ್ಲ! ಸುಳ್ಳು ಹೇಳುವುದಕ್ಕೂ ಬರುವುದಿಲ್ಲ ಈ ಮಹಾರಾಯನಿಗೆ. ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಬೈದು ಬೈದು ಬೈಗುಳಕ್ಕೂ ಬೆಲೆ ಇಲ್ಲದಂತಾಯಿತು.

ಆಗ ಸೇಡಂನಿಂದ ಮಗಳು ಬಂದಳು. ಒಬ್ಬಳೇ ಮಗಳು, ಅಲ್ಲಿಗೇ ಕೊಟ್ಟಿದ್ದೇವೆ. ಬಸ್ಸಿನಲ್ಲಿ ತೊಡೆಯ ಮೇಲೆ ಕೂಸನ್ನು ಕೂಡಿಸಿಕೊಂಡ ಹಾಗೆ ಒಂದು ದೊಡ್ಡ ಗಾಜಿನ ಭರಣಿ ಕೂಡಿಸಿಕೊಂಡು ಬಂದಿದ್ದಳು. ಹೊಟ್ಟೆ ದುಂಡಗೆ, ಬಾಯಿ ಅಗಲ, ಮೇಲೆ ಗಾಜಿನದೇ ಮುಚ್ಚಳ. ಸಂಗಡ ಒಂದು ಚೀಲದಲ್ಲಿ ಉರುಟು ಹರಳು, ಇದ್ದಿಲ ಚೂರು, ಕರಿಮಣ್ಣು, ಹಸಿ ಬಟ್ಟೆಯಲ್ಲಿ ಸುತ್ತಿದ ಪಾಚಿ, ನರ್ಸರಿಯಿಂದ ತಂದ ಬೆರಳುದ್ದದ ಗಿಡಗಳು. ಮೊಬೈಲಿನಲ್ಲಿ ನೋಡಿ ಕಲಿತಿದ್ದಳಂತೆ. ಟೆರೇರಿಯಂ ಅನ್ನುತ್ತಾರಂತೆ ಅದಕ್ಕೆ. ಗಾಜಿನೊಳಗೆ ಪುಟ್ಟ ತೋಟ ಮಾಡಿ ಮುಚ್ಚಳ ಹಾಕಿದರೆ ಒಳಗಿನ ನೀರೇ ಆವಿಯಾಗಿ ಏರಿ, ಗಾಜಿಗೆ ಬೆವತು, ಮತ್ತೆ ಮಣ್ಣಿಗೆ ಇಳಿಯುತ್ತದಂತೆ.

ನಮ್ಮ ಅತ್ತಿ ಆಗಷ್ಟೇ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಧರಿಸಿಕೊಂಡು ಬಂದಿದ್ದರು. ಭರಣಿಯ ಸುತ್ತ ಒಂದು ಸುತ್ತು ಹಾಕಿ, "ಉಪ್ಪಿನಕಾಯಿ ಹಾಕೋದ್ರಾಗ ಕಸ ಹಾಕಿ ಮುಚ್ಚಳ ಹಾಕ್ತೀಯೇನ ತಂಗಿ? ಉಸುರು ಹೆಂಗ ಆಡ್ತಾದ ಅದು?" ಅಂದರು.

"ಅದರ ಉಸುರು ಅದೇ ಆಡ್ತಾದ ಆಯಿ. ಅಪ್ಪನ ಉಸುರಿಂದು ನೋಡ್ರಿ ಮೊದಲ," ಅಂದಳು ಮಗಳು. ಆಮೇಲೆ ಅಪ್ಪನ ಮುಂದೆ ನೆಲದ ಮೇಲೆ ಕೂತು ಕೈ ಹಿಡಿದುಕೊಂಡಳು. "ಅಪ್ಪಾ, ಇದು ನಿನ್ನ ಕೆಲಸ. ನೀನೇ ಕಟ್ಟಬೇಕು, ನೀನೇ ಜ್ವಾಪಾನ ಮಾಡಬೇಕು. ಇದನ್ನ ಬಿಟ್ಟು ಶೆಡ್ಡಿಗೆ ಹೋಗಂಗಿಲ್ಲ. ನನ್ನ ಮ್ಯಾಲ ಆಣಿ ಮಾಡು."

ಅವರು ಆಣೆ ಮಾಡಲಿಲ್ಲ, ಆಣೆ ಪ್ರಮಾಣ ಅವರಿಗೆ ಆಗಿಬರುವುದಿಲ್ಲ. ಭರಣಿಯನ್ನು ಎತ್ತಿ ತಳ ನೋಡಿದರು, ಬಾಯಿಯೊಳಗೆ ಕೈ ಹೋಗುತ್ತದೋ ಇಲ್ಲವೋ ನೋಡಿದರು. "ಆತು ಬಿಡು, ಇದು ಸಾಯೋತನಕ ಮನ್ಯಾಗೇ ಇರ್ತೀನಿ," ಅಂದರು. ನಗೆಚಾಟಿಕೆಗೆ ಅಂದದ್ದೋ ಖರೆ ಅಂದದ್ದೋ ಶಿವನೇ ಬಲ್ಲ. ನಾನು ಮಾತ್ರ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಇದು ಬದುಕಿದ್ದರೆ ಅವರು ಮನೆಯಲ್ಲಿ, ಸತ್ತರೆ ಶೆಡ್ಡಿನಲ್ಲಿ. ಅಲ್ಲಿಂದ ಶುರುವಾಯಿತು ನನ್ನ ಫಜೀತಿ.

ಮಗಳು ಹೇಳಿದ ಕ್ರಮ ಹೀಗಿತ್ತು: ತಳಕ್ಕೆ ಹರಳು, ಅದರ ಮೇಲೆ ಇದ್ದಿಲು, ಮೇಲೆ ಮಣ್ಣು, ಮಣ್ಣಿನಲ್ಲಿ ಗಿಡ, ಸುತ್ತ ಪಾಚಿ. ಹೆಚ್ಚಾದ ನೀರು ಹರಳಿನ ಸಂದಿಗೆ ಇಳಿಯಬೇಕು, ಬೇರಿಗೆ ತಗಲಬಾರದು. ಅಷ್ಟು ಹೇಳಿ ಅವಳು ಬಸ್ಸಿಗೆ ಹೋದಳೋ ಇಲ್ಲವೋ, ಇವರು ಹರಳಿನ ಪುಡಿಕೆಯನ್ನು ಹಿತ್ತಿಲಿಗೆ ಎಸೆದರು. "ಇದೇನು ಬುನಾದಿ? ಶಹಾಬಾದ್‌ನ್ಯಾಗ ಇದ್ದು ಹರಳು ಹಾಸ್ತಾರೇನು? ಮಂದಿ ನಗ್ತಾರ." ಶೆಡ್ಡಿಗೆ ಹೇಳಿ ಕಳಿಸಿ ಫರಸಿಯ ಚೂರು ತರಿಸಿಕೊಂಡರು. ಉಳಿ ಹಿಡಿದು ಉಗುರಿನಗಲಕ್ಕೆ ಒಡೆದರು. ಭರಣಿಯ ತಳದಲ್ಲಿ ಆ ಬಿಲ್ಲೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಫರಸಿ ಹಾಸಿದರು! ಮನೆಯ ಪಡಸಾಲೆಗೆ ಹಾಸುವ ಹಾಗೆ, ಸಂದಿಗೆ ಸಂದಿ ಕೂಡದಂತೆ, ನೀರು ಒಂದು ಕಡೆ ಇಳಿಯಲಿ ಅಂತ ಸಣ್ಣ ಇಳಿಜಾರನ್ನೂ ಬಿಟ್ಟು. ಆಮೇಲೆ, ನಮ್ಮೂರಿನವರಲ್ಲದೆ ಬೇರೆ ಯಾರೂ ಮಾಡದ ಕೆಲಸ ಮಾಡಿದರು. ಸಂದಿಗಳಿಗೆಲ್ಲ ಕಲ್ಲಿನ ಹಿಟ್ಟು ತುಂಬಿ, ಹನಿ ನೀರು ಬಿಟ್ಟು, ಬೆರಳಿನಿಂದ ಒತ್ತಿ ಗಟ್ಟಿ ಮಾಡಿದರು. ಸಂದಿ ಬಿಟ್ಟ ಫರಸಿಯನ್ನು ಅವರ ಕೈ ಒಪ್ಪುವುದೇ ಇಲ್ಲ.

ನಾನು ಯಾಕೆ ತಡೆಯಲಿ? ಇಡೀ ದಿನ ಆ ಮನುಷ್ಯ ಪಡಸಾಲೆಯಲ್ಲಿ ಕೂತು ಕೆಮ್ಮನ್ನೂ ಮರೆತು ಕೆಲಸ ಮಾಡುತ್ತಿದ್ದರು. ಚಿಮಟದಿಂದ ಪಾಚಿ ಕೂಡಿಸುವಾಗ ನಾಲಿಗೆ ತುಟಿಯ ಮೂಲೆಗೆ ಬಂದಿತ್ತು. ಎಷ್ಟು ವರ್ಷವಾಗಿತ್ತು ನಾನು ಅದನ್ನು ನೋಡಿ! ಮುಚ್ಚಳ ಹಾಕಿದ ಮೇಲೆ ಭರಣಿಯನ್ನು ಗೋಡೆಗೂಡಿನಲ್ಲಿಟ್ಟು, ಹಿಂದೆ ಸರಿದು ನಿಂತು, "ಹೆಂಗದ?" ಅಂದರು. ಭಾಳ ಛಂದ ಇತ್ತು. ಸುಳ್ಳಲ್ಲ, ನಮ್ಮ ಮನೆಯಲ್ಲಿ ಧೂಳು ಕೂರದ ಹಸಿರು ಅದೊಂದೇ.

ಕೆಲವು ವಾರ ಹೀಗೇ ಸುಖವಾಗಿ ಹೋದವು. ಆಮೇಲೆ ಗಿಡದ ಕೆಳಗಿನ ಎಲೆ ಹಳದಿಯಾಯಿತು. ಅದು ಉದುರಿತು, ಮೇಲಿನದು ಹಳದಿಯಾಯಿತು. ಪಾಚಿ ಕಂದಾಗಿ, ಮುಚ್ಚಳ ತೆಗೆದರೆ ಕೊಳೆತ ಬಟ್ಟೆಯ ವಾಸನೆ. ಇವರು ಹಗಲೆಲ್ಲ ಅದರ ಮುಂದೆಯೇ. ಒಂದು ಎಲೆ ಕತ್ತರಿಸುವುದು, ಹತ್ತಿಯಿಂದ ಗಾಜು ಒರೆಸುವುದು, ಮಗಳಿಗೆ ಫೋನು ಹಚ್ಚಿ ಅದರ ಫೋಟೋ ಕಳಿಸುವುದು. ನಾನು ಹೊಲಿಗೆಯ ಮೇಲಿಂದ ಕಣ್ಣೆತ್ತಿ ಎತ್ತಿ ನೋಡುತ್ತಿದ್ದೆ. ಒಂದೇ ಹೆದರಿಕೆ: ಇದು ಸತ್ತಿತೋ, ಇವರು ಹೊರಟರೋ.

"ನೀರು ಹೆಚ್ಚಾಗ್ಯಾದ ಅಪ್ಪಾ," ಅಂದಳು ಮಗಳು ಫೋನಿನಲ್ಲಿ. "ನೀ ಎಷ್ಟ್ ಹಾಕ್ಲಿಕತ್ತೀ?"

"ಒಂದ್ ಹನಿ ಹಾಕಿಲ್ಲ ನಾ," ಅಂದರು ಇವರು. ನಾನೂ ಹಾಕಿರಲಿಲ್ಲ. ಹಾಗಾದರೆ ಯಾರು? ನಮ್ಮ ಮನೆಯಲ್ಲಿ ಇರುವವರೇ ಮೂವರು.

ಮರುದಿನ ಮುಂಜಾನೆ ಕಾದು ಕೂತೆ. ಅತ್ತಿ ಸ್ನಾನ ಮಾಡಿ, ಪೂಜೆ ಮುಗಿಸಿ, ತಂಬಿಗೆ ಹಿಡಿದು ಹಿತ್ತಿಲಿಗೆ ಹೋದರು. ತುಳಸಿಗೆ ನೀರು, ಕರಿಬೇವಿಗೆ ನೀರು. ಹೊರಗಿನ ಗಿಡಕ್ಕೆ ನೀರು ಹಾಕದೆ ಅವರು ಬಾಯಲ್ಲಿ ಚಹಾ ಸಹ ಹಾಕುವವರಲ್ಲ. ಆಮೇಲೆ ನೆಟ್ಟಗೆ ಪಡಸಾಲೆಗೆ ಬಂದು, ಭರಣಿಯ ಮುಚ್ಚಳ ತೆಗೆದು, ತಂಬಿಗೆಯ ತಳದಲ್ಲಿ ಉಳಿದದ್ದನ್ನು ಅದರೊಳಗೆ ಬಗ್ಗಿಸಿ, ಮುಚ್ಚಳ ಮುಚ್ಚಿ, ಕೈಮುಗಿದರು.

"ಅತ್ತೀ! ಏನ್ ಮಾಡ್ಲಿಕತ್ತೀರಿ?"

"ಯಾಕ ಚೀರ್ತಿ? ಬಾಯಿಲ್ಲದ ಜೀವ. ಮನ್ಯಾಗ ಒಂದು ಜೀವ ನೀರಿಲ್ದ ಕುಂತಿರಬೇಕಾದ್ರ ನಾ ಚಹಾ ಕುಡೀಲೇನು? ನನ್ನ ಮಗನ ಆಯುಷ್ಯ ಅದ್ರಾಗ ಅದ ಅಂತ ನೀವೇ ಅಂತೀರಿ. ಮತ್ತ ನಾನರ ನೀರು ಹಾಕಬ್ಯಾಡೇನು?"

ಏನು ಹೇಳುವುದು ಇದಕ್ಕೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಸಂಸಾರ. ಆ ಮುದುಕಿ ಮಗನ ಮೇಲಿನ ಜೀವಕ್ಕೇ ಹಾಕಿದ ನೀರು ಅದು. ಕಣ್ಣೀರು ಬಂತು. ಸಿಟ್ಟಿಗೆ ಬಂತೋ ಸಂಕಟಕ್ಕೆ ಬಂತೋ ನನಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಹೊತ್ತು ಮೀರಿತ್ತು. ಒಂದು ವಾರದಲ್ಲಿ ಗಿಡಗಳೆಲ್ಲ ಬುಡ ಕೊಳೆತು ಮಲಗಿದವು. ಇವರು ನೋಡಿದರು. ಗೂಟಕ್ಕೆ ಹಾಕಿದ್ದ ಕೆಲಸದ ಅಂಗಿ ತೆಗೆದುಕೊಂಡರು.

ನಾನು ಬಾಗಿಲಿಗೆ ಅಡ್ಡ ನಿಂತೆ. "ಎಲ್ಲಿಗ್ರೀ?"

"ಮುಗೀತಲ್ಲ. ಸತ್ತಾದ ಅದು."

"ಸತ್ತದ್ದನ್ನ ಹಂಗೇ ಬಿಟ್ಟು ಹೋಗ್ತಾರೇನು? ಕಟ್ಟಿದವರು ನೀವೇ. ಯಾಕ ಸತ್ತಾದ ಅಂತ ಕಿತ್ತು ನೋಡ್ರಿ. ನೀವು ಹಾಸಿದ ಫರಸಿ ಮ್ಯಾಲ ನೀರು ನಿಂತ್ರೂ ನಿಮಗೇನು ಅನ್ನಿಸಂಗಿಲ್ಲೇನು? ಥೂ, ಮೇಸ್ತ್ರಿ ಅಂತ ಹೆಸರು ಬ್ಯಾರೆ!"

ಆ ಮಾತು ನಾಟಿತು. ಬೇರೆ ಯಾವ ಮಾತೂ ನಾಟುತ್ತಿರಲಿಲ್ಲ. ಅಂಗಿಯನ್ನು ಗೂಟಕ್ಕೆ ಹಾಕಿ ಭರಣಿಯನ್ನು ಪಡಸಾಲೆಯ ನಡುವೆ ತಂದಿಟ್ಟು, ಮಣ್ಣು ತೋಡಿ ತೆಗೆದರು. ಕೆಳಗೆ ಅವರ ಫರಸಿ, ಇಟ್ಟದ್ದು ಇಟ್ಟ ಹಾಗೇ ಇತ್ತು. ಸಂದಿಗಳಲ್ಲಿ ಹಿಟ್ಟು ಗಟ್ಟಿಯಾಗಿ ಬಂಡೆಯಾಗಿತ್ತು. ಅತ್ತಿ ಹಾಕಿದ ನೀರು ಒಂದು ಹನಿಯೂ ಕೆಳಗೆ ಇಳಿಯದೆ ಅದರ ಮೇಲೆ ನಿಂತು ಕಪ್ಪಾಗಿತ್ತು. ಇವರು ಉಳಿಯ ತುದಿಯಿಂದ ಕೆದಕಿದರು, ಬರಲಿಲ್ಲ. ಮತ್ತೆ ಕೆದಕಿದರು.

"ಕಲ್ಲು ಹಾಸಿದ್ದೇ ತಪ್ಪೇನೋ," ಅಂದರು ಸಣ್ಣ ದನಿಯಲ್ಲಿ.

"ಕಲ್ಲು ಏನ್ ಮಾಡ್ಯಾದ್ರೀ? ಕಲ್ಲಲ್ಲ, ಈ ಹಿಟ್ಟು. ಸಂದಿಯೆಲ್ಲ ಮುಚ್ಚಿಬಿಟ್ಟಾದ. ಉಸುರಾಡಲಿಕ್ಕೆ ಜಾಗ ಎಲ್ಲದ?"

ಅಂದಮೇಲೆ ನನಗೇ ಕೇಳಿಸಿತು ನಾನು ಏನಂದೆ ಅಂತ. ಅವರಿಗೂ ಕೇಳಿಸಿತು. ಅತ್ತಿ ಅಡುಗೆಮನೆಯಿಂದ ಹೊರಗೆ ಬಂದು ನಿಂತಿದ್ದರು. ಇವರು ಒಂದು ಸಲ ಕೆಮ್ಮಿ, ಎದೆ ಒತ್ತಿಕೊಂಡು, ಉಳಿಯನ್ನು ಮತ್ತೆ ಹಿಡಿದರು. ಆ ದಿನ ಅವರು ಎಲ್ಲಿಗೂ ಹೋಗಲಿಲ್ಲ.

ಚಿಂಚೋಳಿಯ ಕಡೆ ಐನಾಪುರದಲ್ಲಿ ಅವರ ಅಕ್ಕನ ಮನೆ. ಅವರ ಹೊಲದಲ್ಲಿ ಹಳೆಯ ಕಾಲದ ಮೆಟ್ಟಿಲ ಬಾವಿಯುಂಟು, ಅದರ ಕಲ್ಲಿನ ಸಂದಿಗಳಲ್ಲಿ ಯಾವ ಕಾಲಕ್ಕೂ ಹಸಿರು ಪಾಚಿ, ಬಾಚಣಿಗೆಯಂಥ ಎಲೆಯ ಸಣ್ಣ ಸಣ್ಣ ಜರಿ ಗಿಡ. "ನರ್ಸರಿ ಗಿಡ ಬ್ಯಾಡ, ನಮ್ಮ ಕಡೆ ಕಲ್ಲಿನಾಗ ಬೆಳೆದದ್ದೇ ಬೇಕು," ಅಂತ ಇವರು ಹಟ ಹಿಡಿದರು. ಸರಿ, ಕಾಳಗಿಯಲ್ಲಿ ಬಸ್ಸು ಬದಲಿಸಿ ಹೋದೆವು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾವ್ಯಾಗಿನ ಕಸಕ್ಕ ಶಹಾಬಾದಿಂದ ಬಂದೀರೇನ್ರೋ! ಹೇಳಿದ್ರ ನಾನೇ ಒಂದು ಚೀಲ ತುಂಬಿ ಕಳಸ್ತಿದ್ದೆ."

ಬಾವಿಗೆ ನಾನಿಳಿಯುತ್ತೇನೆ ಅಂದರೆ ಕೇಳಲಿಲ್ಲ. ಚಮಚ, ಡಬ್ಬಿ ಹಿಡಿದು ಅವರೇ ಇಳಿದರು. ಇಳಿಯುವಾಗ ಏನೂ ಆಗಲಿಲ್ಲ. ಪಾಚಿಯನ್ನು ಚಮಚದಿಂದ ಎಬ್ಬಿಸಿ, ಜರಿ ಗಿಡವನ್ನು ಬೇರಿನ ಸಮೇತ ಬಿಡಿಸಿ ಡಬ್ಬಿಗೆ ಹಾಕಿಕೊಂಡರು. ಏರುವಾಗ ಅರ್ಧಕ್ಕೆ ನಿಂತರು. ಕೈಯಲ್ಲಿ ಗೋಡೆ, ಬಾಯಿ ತೆರೆದಿದೆ, ಭುಜ ಮೇಲೆ ಕೆಳಗೆ ಹಾರುತ್ತಿದೆ. ಆ ಉಸಿರಿನ ಸದ್ದು ಬಾವಿಯೊಳಗಿಂದ ದೊಡ್ಡದಾಗಿ ಮೇಲೆ ಬರುತ್ತಿತ್ತು. "ಏನಾತ್ರೀ?" ಅಂತ ಕೂಗಿದೆ.

ಬಹಳ ಹೊತ್ತಿಗೆ ಉತ್ತರ ಬಂತು. "ಏನಿಲ್ಲ. ಕಲ್ಲು ನೋಡ್ಲಿಕತ್ತೀನಿ. ಹಳೇ ಮಂದಿ... ಭಾಳ ಛಂದ ಕೂಡಿಸ್ಯಾರ."

ಅಕ್ಕ ನನ್ನ ಮುಖ ನೋಡಿದರು. ಅವರ ನಗೆ ಎಲ್ಲಿಗೆ ಹೋಗಿತ್ತೋ. ನಾನು ಮುಖ ತಿರುಗಿಸಿ ತೊಗರಿ ಹೊಲದ ಕಡೆ ನೋಡುತ್ತಾ ನಿಂತೆ. ದೇವರೇ, ಈ ಮನುಷ್ಯನನ್ನು ಇನ್ನಷ್ಟು ಕಾಲ ನನಗೆ ಬಿಡು ಅಂತ ಬೇಡಿಕೊಂಡೆ. ನಾನು ಹೆಚ್ಚು ಬೇಡುವವಳಲ್ಲ. ಅವತ್ತು ಬೇಡಿದೆ.

ಈ ಸಲ ಭರಣಿಯ ಕೆಲಸದಲ್ಲಿ ನಾನೂ ಕೈಯಿಟ್ಟೆ. ತಳಕ್ಕೆ ಫರಸಿಯ ಚೂರುಗಳೇ, ಆದರೆ ತೊಳೆದು ತೊಳೆದು ಹಿಟ್ಟೆಲ್ಲ ಹೋಗಿ ನೀರು ತಿಳಿಯಾದ ಮೇಲೆ, ಹೇಗೆ ಬೀಳುತ್ತವೋ ಹಾಗೆ ಸಡಿಲಾಗಿ ಸುರಿದೆವು. ಇವರ ಬೆರಳು ಅವನ್ನು ಜೋಡಿಸಲಿಕ್ಕೆ ಚಡಪಡಿಸುತ್ತಿತ್ತು. ನಾನು ಮಣಿಕಟ್ಟು ಹಿಡಿದು "ಹಾಂ!" ಅಂದೆ. ಮೇಲೆ ಇದ್ದಿಲು, ಮಣ್ಣು, ಬಾವಿಯ ಜರಿ, ಬಾವಿಯ ಪಾಚಿ. ನೀರು ಫಿಲ್ಟರಿನದು, ಅದೂ ಚಿಮುಕಿಸಿದ್ದಷ್ಟೇ. ಮುಚ್ಚಳದ ಸುತ್ತ ಟೇಪು ಹಚ್ಚಿದೆ. ನೀರು ಹಾಕುವ ಹಾಗಿಲ್ಲ ಅಂತ ಅತ್ತಿ ಮುನಿಸಿಕೊಂಡರು. ಮಗಳು ಅದಕ್ಕೂ ಒಂದು ದಾರಿ ಹೇಳಿದಳು. ಸೇಡಂನಿಂದ ಬರುವಾಗ ಒಂದು ಬಿಲ್ವದ ಸಸಿ ತಂದು ಹಿತ್ತಿಲಲ್ಲಿ ನೆಟ್ಟು, "ಆಯಿ, ಇದಕ್ಕ ಎಷ್ಟ್ ಬೇಕಷ್ಟ್ ಹಾಕ್ರಿ," ಅಂದಳು. ಮುದುಕಿಗೆ ಸಮಾಧಾನವಾಯಿತು.

ತೋಟ ಹತ್ತಿತು. ಹೇಗೆ ಹತ್ತಿತು ಅಂತೀರಿ! ಮುಂಜಾನೆ ಗಾಜು ಬೆವತು ಒಳಗೇನೂ ಕಾಣುತ್ತಿರಲಿಲ್ಲ. ಹೊತ್ತೇರಿದಂತೆ ತಿಳಿಯಾಗಿ ಜರಿಯ ಹೊಸ ಸುರುಳಿ ಬಿಚ್ಚಿರುವುದು ಕಾಣುತ್ತಿತ್ತು. ಫಾಲ್ ಹಚ್ಚಿಸಲು ಬಂದ ಹೆಣ್ಣುಮಕ್ಕಳು ಸೀರೆ ಮರೆತು ಅದರ ಮುಂದೆ ನಿಲ್ಲುತ್ತಿದ್ದರು. ವಾಡಿಯಿಂದ ಬಂದ ಒಬ್ಬಾಕೆ, "ನಮ್ಮನಿಗೂ ಒಂದು ಮಾಡಿಕೊಡ್ರಿ ಅಣ್ಣಾ," ಅಂದಳು. ಇವರು ಹಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಟೇಪು ಬಿಚ್ಚುವ ಪ್ರಸಂಗವೇ ಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಸಂತೋಷಕ್ಕೆ ಒಂದು ದಿನ ಹೋಳಿಗೆಯನ್ನೂ ಮಾಡಿದೆ. ಎಂಥ ದಡ್ಡಿ ನಾನು.

ಅವರು ಗೋಡೆಗೂಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಾಡಲಿಕ್ಕೆ ಏನೂ ಇರಲಿಲ್ಲ. ಒರೆಸಿದ ಗಾಜನ್ನೇ ಒರೆಸುವುದು, ಭರಣಿಯನ್ನು ಆ ಕಡೆ ತಿರುಗಿಸುವುದು, ಈ ಕಡೆ ತಿರುಗಿಸುವುದು. ಮತ್ತೆ ಬಾಗಿಲ ತನಕ ಹೋಗುವುದು ಶುರುವಾಯಿತು. ಹೊಲಿಗೆಯ ಅಂಚು ಡೊಂಕಾಗಿದೆ ಅನ್ನುವುದು ಶುರುವಾಯಿತು. "ವಾಡಿ ಅಕ್ಕಾರಿಗೆ ಒಂದು ಮಾಡಿಕೊಡ್ರಲ್ಲ," ಅಂದೆ. "ಮಾಡಿ ಮುಚ್ಚಳ ಹಾಕಿದ್ರ ಮುಗೀತು. ಅದೇನ್ ಕೆಲಸ?" ಅಂದರು.

ಯುಗಾದಿ ಮುಗಿದ ಮೇಲೆ ಒಂದು ಮುಂಜಾನೆ, ಬೇವು ಬೆಲ್ಲದ ಬಟ್ಟಲು ಇನ್ನೂ ಅಲ್ಲೇ ಇತ್ತು, ಅವರು ಎದ್ದು ಕೆಲಸದ ಅಂಗಿ ಹಾಕಿಕೊಂಡರು. ನಾನು ಭರಣಿಯ ಕಡೆ ಬೊಟ್ಟು ಮಾಡಿದೆ. "ಮತ್ತ ಇದು? ಬದುಕ್ಯಾದಲ್ಲ! ಸಾಯೋತನಕ ಮನ್ಯಾಗಿರ್ತೀನಿ ಅಂದಿದ್ರಿ."

"ಬದುಕ್ಯಾದ," ಅಂದರು. "ನಾ ಇದ್ರೂ ಬದುಕ್ತಾದ, ಇಲ್ಲದಿದ್ರೂ ಬದುಕ್ತಾದ. ಇದಕ್ಕ ನಾ ಏನ್ ಬೇಕಾಗೀನಿ ಹೇಳು?"

ಅವರು ಹೋದರು.

ಸಂಜೆ ಬಿಳಿ ಹುಬ್ಬು ಹೊತ್ತು ಬಂದರು, ಈ ಸಲ ಮುಖವನ್ನೂ ತೊಳೆದಿರಲಿಲ್ಲ. ಮರುದಿನವೂ ಹೋದರು. ಮಲಗಿದರೆ ಉಸಿರು ಸಾಲದೆ ಎದ್ದು ಗೋಡೆಗೆ ಒರಗಿ ಕೂರುವುದು ಮತ್ತೆ ಹತ್ತಿತು. ನಾನು ಶೆಡ್ಡಿಗೇ ಹೋಗಿ ಮಾಲಕನನ್ನು ತರಾಟೆಗೆ ತೆಗೆದುಕೊಂಡೆ. ಅವನು ಕೈಮುಗಿದ. "ಅಕ್ಕಾ, ನಾ ಕರದಿಲ್ರಿ. ಬ್ಯಾಡ್ರಿ ಅಂದ್ರೂ ಅವರೇ ಬಂದು ಕುಂದರ್ತಾರ. ಮುಖಕ್ಕ ಕಟ್ಕೋರಿ ಅಂತ ಬಟ್ಟಿ ಕೊಟ್ಟೀನಿ, ಅದ್ನೂ ಕಟ್ಕೊಳ್ಳಂಗಿಲ್ಲ." ಅವನ ಮೇಲೆ ಸಿಟ್ಟಾಗುವುದಕ್ಕೂ ದಾರಿ ಉಳಿಯಲಿಲ್ಲ. ಮಗಳು ಫೋನಿನಲ್ಲಿ ಅತ್ತಳು. "ನೀ ಅತ್ತರ ನಾ ಏನ್ ಮಾಡ್ಲಿ?" ಅಂತ ಅವಳನ್ನೇ ಗದರಿದೆ. ಗದರಿ, ಫೋನಿಟ್ಟು, ನಾನೂ ಅತ್ತೆ.

ಸೀರೆ ಕೈಯಲ್ಲಿ ಹಿಡಿದು ಭರಣಿಯ ಮುಂದೆಯೇ ಕೂತಿದ್ದೆ. ಒಳಗೆ ಜರಿ ಗಿಡ ಹಾಯಾಗಿ ನಿಂತಿತ್ತು. ಅದನ್ನು ನೋಡುತ್ತ ನೋಡುತ್ತ ನನಗೆ ಹೊಳೆಯಿತು. ಕಳೆದ ವರ್ಷ ಇವರು ಮನೆಯಲ್ಲಿ ಗಟ್ಟಿಯಾಗಿ ಕೂತದ್ದು ಯಾವಾಗ? ಅದು ಹಳದಿಯಾಗಿದ್ದಾಗ. ಎಲೆ ಉದುರುತ್ತಿದ್ದಾಗ. ಫರಸಿ ಕೆದಕುವಾಗ, ಬಾವಿಗೆ ಇಳಿಯುವಾಗ. ಅದು ಸಾಯುತ್ತಿದ್ದಾಗ ಅವರು ಇದ್ದರು, ಅದು ಚೆನ್ನಾದ ಮೇಲೆ ಹೋದರು. ನಾನು ಟೇಪು ಹಚ್ಚಿ, ಫಿಲ್ಟರ್ ನೀರು ಚಿಮುಕಿಸಿ, ಅತ್ತಿಯನ್ನು ಕಾವಲು ಕಾದು, ನನ್ನ ಕೈಯಾರೆ ಅವರನ್ನು ಶೆಡ್ಡಿಗೆ ಕಳಿಸಿದ್ದೆ.

ಅವರು ಶೆಡ್ಡಿನಲ್ಲಿದ್ದರು. ಅತ್ತಿ ಮಠಕ್ಕೆ ಹೋಗಿದ್ದರು. ನಮ್ಮ ಕಡೆಯ ಚೈತ್ರದ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಅಂಗಳದ ಕಲ್ಲಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಮುಚ್ಚಿದ ಗಾಜನ್ನು ಅದರಲ್ಲಿಟ್ಟರೆ ಒಳಗೆ ಪಲ್ಯ ಬೆಂದಂತೆ ಬೇಯುತ್ತದೆ. ನಾನು ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿ ಅಂಗಳಕ್ಕೆ ಒಯ್ದು ಆ ಕಲ್ಲಿನ ಮೇಲಿಟ್ಟೆ. ಒಳಗೆ ಬಂದು ಹೊಲಿಯಲು ಕೂತೆ. ಸೂಜಿ ಬೆರಳಿಗೆ ಚುಚ್ಚಿತು, ನಿಲ್ಲಿಸಲಿಲ್ಲ. ಸೀರೆ ಮುಗಿದ ಮೇಲೆ ಹೋಗಿ ತಂದು ಮತ್ತೆ ಅದರ ಜಾಗದಲ್ಲಿಟ್ಟೆ. ಬಟ್ಟೆ ಹಿಡಿದು ಎತ್ತಬೇಕಾಯಿತು, ಅಷ್ಟು ಕಾದಿತ್ತು. ತಪ್ಪು ಅನ್ನುವವರು ಅನ್ನಲಿ. ತಮ್ಮ ಗಂಡ ಗೋಡೆಗೆ ಒರಗಿ ಕೂತು ಉಸಿರು ಹುಡುಕುವುದನ್ನು ನೋಡಿ ಬಂದು ಅನ್ನಲಿ.

ಸಂಜೆ ಬಂದವರು ಎಂದಿನಂತೆ ಕುರ್ಚಿಯ ಕಡೆ ಹೋದರು. ನಾನು ಒಲೆಯ ಮೇಲೆ ಚಹಾ ಇಟ್ಟು ಬೆನ್ನು ಮಾಡಿ ನಿಂತಿದ್ದೆ.

"ಅರೆ," ಅಂದರು. "ಏ, ಇಲ್ಲಿ ಬಾ. ಇದೇನಾತು?"

ಜರಿ ಗಿಡ ಕಪ್ಪಾಗಿ ಗಾಜಿಗೆ ಅಂಟಿಕೊಂಡಿತ್ತು. ಪಾಚಿಯ ಮೇಲ್ಮೈ ಹುರಿದ ಹಾಗೆ. ಅವರು ಟೇಪು ಬಿಚ್ಚಿದರು, ಮುಚ್ಚಳ ತೆಗೆದರು, ಕೈಯಿಳಿಸಿ ಮಣ್ಣು ಮುಟ್ಟಿ ನೋಡಿದರು. ಆಮೇಲೆ ಎದ್ದು ಹೋಗಿ ಸ್ನಾನ ಮಾಡಿ, ಹುಬ್ಬನ್ನೂ ಉಜ್ಜಿ ತೊಳೆದುಕೊಂಡು ಬಂದು, ಚಿಮಟ ಹುಡುಕಿ ತೆಗೆದು, ಭರಣಿಯನ್ನು ಕಾಲ ನಡುವೆ ಇಟ್ಟುಕೊಂಡು ಕೂತರು.

ಮರುದಿನ ಶೆಡ್ಡಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಕರಿಕಾದ ಎಲೆಗಳನ್ನು ಒಂದೊಂದಾಗಿ ಕತ್ತರಿಸಿದರು, ಪಾಚಿಯನ್ನು ಎಬ್ಬಿಸಿ ಕೆಳಗೆ ಹಸಿ ಉಳಿದದ್ದನ್ನು ಬೇರೆ ಮಾಡಿದರು. ಐನಾಪುರಕ್ಕೆ ಫೋನು ಹಚ್ಚಿ, "ಅಕ್ಕಾ, ಬಾವ್ಯಾಗ ಇನ್ನೂ ಹಸರ ಅದೇನು?" ಅಂತ ಕೇಳಿದರು. ನಾನು ಎದುರಿಗೇ ಕೂತು ಹೊಲಿಯುತ್ತಿದ್ದೆ. ಅವರು ಕೆಲಸದಿಂದ ತಲೆಯೆತ್ತದೆ, ನನ್ನ ಕಡೆ ನೋಡದೆ ಕೇಳಿದರು.

"ಎಷ್ಟೊತ್ತು ಇಟ್ಟಿದ್ದಿ ಬಿಸಿಲಾಗ?"

ಸುಳ್ಳು ಹೇಳಲಿಕ್ಕೆ ನನಗೂ ಬರುವುದಿಲ್ಲ.

"ಒಂದು ಸೀರಿಗೆ ಫಾಲ್ ಹಚ್ಚೋತನಕ," ಅಂದೆ.

ಅವರು ಚಿಮಟದಿಂದ ಮಣ್ಣಿನೊಳಗೆ ಏನೋ ಹುಡುಕಿದರು. ಒಂದು ಬೇರಿನ ಎಳೆಯನ್ನು ಮೆತ್ತಗೆ ಎತ್ತಿ, ಬೆಳಕಿಗೆ ಹಿಡಿದು, ಇನ್ನೂ ಬಿಳಿಯಾಗಿದೆಯೋ ಇಲ್ಲವೋ ನೋಡಿ ಮತ್ತೆ ಅಲ್ಲೇ ಮುಚ್ಚಿದರು.

"ಮುಂದಿನ ಸಲ ಅರ್ಧ ಸೀರಿಗೇ ತೆಗಿ," ಅಂದರು. "ಬೇರಾದ್ರೂ ಉಳೀಲಿ."